ಓದುಗರ ಪ್ರಶ್ನೆ, ಕಂಪ್ಯೂಟರ್ ಉತ್ತರ: ಮಿತಿ ಮೀರಿದ ದಿನಾಂಕಗಳು

ಪ್ರಶ್ನೆ: ಬ್ರಹ್ಮಾವರ ಸಮೀಪದ ಸಹಕಾರಿ ಸೊಸೈಟಿಯೊಂದರಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಅವಧಿ ಮುಗಿದು ಮೂವತ್ತು ದಿನ ಕಳೆದರೂ ನವೀಕರಣಗೊಳ್ಳದ ಠೇವಣಿಗಳ ಪಟ್ಟಿಯನ್ನು ಪ್ರತಿ ತಿಂಗಳು ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶದಿಂದ ತೆಗೆಯುತ್ತೇವೆ. ಈ ಸಲ ‘ಆ್ಯಡಿಂಗ್ ಎ ವ್ಯಾಲ್ಯೂ ಟು ಎ ಡೇಟ್‌ಟೈಮ್ ಕಾಲಂ ಕಾಸ್ಡ್ ಆ್ಯನ್ ಓವರ್‌ಫ್ಲೋ’ (ದಿನಾಂಕಕ್ಕೆ ಕೂಡಿಸಿದಾಗ ಮಿತಿ ಮೀರಿತು) ಎಂಬ ಸಂದೇಶ ಬಂದು ಕೆಲಸ ನಿಂತಿದೆ. ಉಳಿತಾಯ ಖಾತೆಗಳಿಗೆ ಮುಕ್ತಾಯದ ದಿನವಿಲ್ಲದ ಕಾರಣ ಹಿಂದಿನವರು 31-12-9999 ಎಂದು ತುಂಬಿದ್ದಾರೆ. ಆದರೆ ಅಂಥ ಖಾತೆಗಳನ್ನು ಕೈಬಿಡುವ ಷರತ್ತನ್ನು ಕ್ವೆರಿಯಲ್ಲೇ (ಪಟ್ಟಿ ಕೇಳುವ ಆದೇಶದಲ್ಲೇ) ಬರೆದಿದ್ದೇನೆ, ಕಳೆದ ತಿಂಗಳಿನಿಂದ ಒಂದಕ್ಷರವನ್ನೂ ಬದಲಿಸಿಲ್ಲ. ದೋಷ ಎಲ್ಲಿದೆ?

ಉತ್ತರ: ತಾವು ಷರತ್ತು ಬರೆದಿರುವುದು ನಿಜ, ಆದರೆ ಆ ಷರತ್ತು ಮೊದಲು ಜಾರಿಯಾಗಿ ಲೆಕ್ಕ ಆಮೇಲೆ ನಡೆಯುತ್ತದೆ ಎಂಬ ಭರವಸೆಯನ್ನು ಎಸ್‌ಕ್ಯೂಎಲ್ ಸರ್ವರ್ ಎಲ್ಲಿಯೂ ಕೊಟ್ಟಿಲ್ಲ. ಕ್ವೆರಿಯನ್ನು ಯಾವ ಕ್ರಮದಲ್ಲಿ ನಡೆಸಿದರೆ ಬೇಗ ಮುಗಿಯುತ್ತದೆ ಎಂಬುದನ್ನು ಅದು ತಾನೇ ತೀರ್ಮಾನಿಸುತ್ತದೆ. ಖಾತೆಗಳ ಸಂಖ್ಯೆ ಬೆಳೆದಂತೆ, ಅವುಗಳ ಬಗ್ಗೆ ಸರ್ವರ್ ಇಟ್ಟುಕೊಂಡ ಅಂಕಿ-ಅಂಶಗಳು ಪರಿಷ್ಕೃತಗೊಂಡಂತೆ ಆ ತೀರ್ಮಾನವೂ ಬದಲಾಗಬಹುದು. ಕಳೆದ ತಿಂಗಳು ಉಳಿತಾಯ ಖಾತೆಗಳನ್ನು ಬಿಟ್ಟ ನಂತರ ಮೂವತ್ತು ದಿನ ಕೂಡಿಸಿರಬೇಕು, ಈ ತಿಂಗಳು ಮೊದಲೇ ಕೂಡಿಸಿದೆ. ಡೇಟ್‌ಟೈಮ್ ಮಾದರಿ (ದಿನಾಂಕ, ವೇಳೆ ಎರಡನ್ನೂ ಇಡುವ ಕಾಲಂನ ಬಗೆ) 1753ರ ಜನವರಿ 1ರಿಂದ 9999ರ ಡಿಸೆಂಬರ್ 31ರವರೆಗಿನ ದಿನಗಳನ್ನು ಮಾತ್ರ ಬಲ್ಲದು. 9999ರ ಡಿಸೆಂಬರ್ 1ಕ್ಕೆ ಮೂವತ್ತು ದಿನ ಸೇರಿಸಿದರೆ ಸರಿಯಾಗಿ 31ನೇ ತಾರೀಕಿಗೆ ಬಂದು ನಿಲ್ಲುತ್ತದೆ. 2ನೇ ತಾರೀಕಿಗೆ ಸೇರಿಸಿದರೆ ಗಡಿ ದಾಟಿತು. ಹಾಗೆ ದಾಟುವ ಸಾಲು ಒಂದೇ ಒಂದು ಇದ್ದರೂ ಇಡೀ ಪಟ್ಟಿ ಬಿದ್ದುಹೋಗುತ್ತದೆ.

ಪರಿಹಾರ ಸರಳವಾಗಿದೆ. ಮುಕ್ತಾಯದ ದಿನಕ್ಕೆ ಮೂವತ್ತು ಕೂಡಿಸಿ ಇಂದಿನ ದಿನದೊಡನೆ ಹೋಲಿಸುವ ಬದಲು, ಇಂದಿನ ದಿನದಿಂದ ಮೂವತ್ತು ಕಳೆದು ಅದನ್ನು ಮುಕ್ತಾಯದ ದಿನದೊಡನೆ ಹೋಲಿಸಿರಿ. ಉತ್ತರ ಅದೇ ಬರುತ್ತದೆ, 9999ನ್ನು ಯಾರೂ ಮುಟ್ಟುವುದಿಲ್ಲ. ಮೇಲಾಗಿ ಆ ಕಾಲಂ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಇದ್ದರೆ ಅದೂ ಉಪಯೋಗಕ್ಕೆ ಬರುತ್ತದೆ. ಕೂಡಿಸಿದ ದಿನಾಂಕವನ್ನು ನೋಟಿಸಿನಲ್ಲಿ ಮುದ್ರಿಸಲೇಬೇಕಿದ್ದರೆ, ಕಾಲಂ ಅನ್ನು ನಲ್‌ಇಫ್ ಎಂಬ ಫಂಕ್ಷನ್ ಒಳಗಿಟ್ಟು 31-12-9999 ಬಂದಲ್ಲಿ ಖಾಲಿ ಬೆಲೆ (ನಲ್) ಸಿಗುವಂತೆ ಮಾಡಿ, ಅನಂತರ ದಿನ ಕೂಡಿಸುವ ಡೇಟ್‌ಆ್ಯಡ್‌ಗೆ ಕೊಡಿರಿ. ಖಾಲಿಗೆ ಎಷ್ಟು ದಿನ ಸೇರಿಸಿದರೂ ಖಾಲಿಯೇ.

ಇಷ್ಟಾದ ಮೇಲೂ ದೋಷ ಕಾಣಿಸಿಕೊಂಡರೆ, ಆರಂಭದ ದಿನಕ್ಕೆ ತಿಂಗಳುಗಳನ್ನು ಕೂಡಿಸಿ ಮುಕ್ತಾಯದ ದಿನ ತೆಗೆಯುವ ಜಾಗವನ್ನು ನೋಡಿರಿ. ಅವಧಿಯ ಚೌಕದಲ್ಲಿ ತಿಂಗಳ ಬದಲು ಖಾತೆಯ ಸಂಖ್ಯೆಯನ್ನು ಒತ್ತಿಬಿಡುವುದು ಕೌಂಟರಿನ ಗಡಿಬಿಡಿಯಲ್ಲಿ ಸಹಜ. 100234 ತಿಂಗಳೆಂದರೆ ಎಂಟು ಸಾವಿರದ ಮುನ್ನೂರು ವರ್ಷಕ್ಕೂ ಮಿಕ್ಕ ಠೇವಣಿಯಾಯಿತು! ಅವಧಿ 120 ತಿಂಗಳಿಗಿಂತ ಹೆಚ್ಚಿರುವ ಸಾಲುಗಳನ್ನು, ಯಾವ ದಿನಾಂಕದ ಲೆಕ್ಕವನ್ನೂ ಮಾಡದೆ, ಹಾಗೆಯೇ ತೆಗೆದು ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಪ್ರಶ್ನೆ: ಮಲ್ಪೆಯ ಐಸ್ ಪ್ಲಾಂಟ್ ಒಂದರಲ್ಲಿ ಪ್ರತಿ ನಿಮಿಷದ ಉಷ್ಣಾಂಶ ಡೇಟಾಬೇಸ್‌ನಲ್ಲಿ ದಾಖಲಾಗುತ್ತದೆ. ಒಂದು ದಾಖಲೆಗೂ ಮುಂದಿನದಕ್ಕೂ ಇರುವ ಅಂತರವನ್ನು ಎಸ್‌ಕ್ಯೂಎಲ್ ಸರ್ವರ್‌ನ ಡೇಟ್‌ಡಿಫ್ ಎಂಬ ಫಂಕ್ಷನ್ ಮೂಲಕ ಮಿಲಿಸೆಕೆಂಡುಗಳಲ್ಲಿ ಲೆಕ್ಕ ಹಾಕುತ್ತೇವೆ. ಕರೆಂಟು ಹೋಗಿ ಗಂಟೆಗಟ್ಟಲೆ ದಾಖಲೆ ಇಲ್ಲದಿದ್ದಾಗಲೂ ತೊಂದರೆಯಾಗಿರಲಿಲ್ಲ. ಆಗಸ್ಟ್ ಆರಂಭದಲ್ಲಿ ಪ್ಲಾಂಟ್ ಮತ್ತೆ ಶುರುವಾದೊಡನೆ ಓವರ್‌ಫ್ಲೋ ಬಂದಿದೆ. ಮೆಷೀನಿನ ಗಡಿಯಾರ ಕೆಟ್ಟಿದೆಯೆ?

ಉತ್ತರ: ಗಡಿಯಾರ ಸರಿಯಾಗಿಯೇ ಇದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ, ತಮ್ಮ ಪ್ಲಾಂಟೂ ಮುಚ್ಚಿತ್ತೆಂದು ತಿಳಿಯುತ್ತೇನೆ. ಆ 61 ದಿನಗಳನ್ನು ಮಿಲಿಸೆಕೆಂಡು ಮಾಡಿದರೆ 527 ಕೋಟಿ ದಾಟುತ್ತದೆ. ಡೇಟ್‌ಡಿಫ್ ಹಿಂತಿರುಗಿಸಬಲ್ಲ ಅತಿ ದೊಡ್ಡ ಸಂಖ್ಯೆ 2,14,74,83,647. ಮಿಲಿಸೆಕೆಂಡಿನ ಲೆಕ್ಕದಲ್ಲಿ ಅದು 24 ದಿನ, 20 ಗಂಟೆ, 31 ನಿಮಿಷ ಚಿಲ್ಲರೆ ಮಾತ್ರ. ಎಸ್‌ಕ್ಯೂಎಲ್ ಸರ್ವರ್ 2016ರಿಂದೀಚಿನ ಆವೃತ್ತಿಯಿದ್ದರೆ ಇನ್ನೂ ದೊಡ್ಡ ಸಂಖ್ಯೆ ಕೊಡಬಲ್ಲ ಡೇಟ್‌ಡಿಫ್-ಬಿಗ್ ಬಳಸಬಹುದು. ಆದರೆ ನಿಮಿಷಕ್ಕೊಮ್ಮೆ ಓದುವ ಥರ್ಮಾಮೀಟರಿಗೆ ಮಿಲಿಸೆಕೆಂಡು ಏಕೆ ಬೇಕೆಂದು ನನಗೆ ತಿಳಿಯದು. ಡೇಟ್‌ಟೈಮ್ ಮಾದರಿಯ ನಿಖರತೆಯೇ ಸುಮಾರು 3.33 ಮಿಲಿಸೆಕೆಂಡು. ಸೆಕೆಂಡಿಗೆ ಬದಲಿಸಿರಿ, ಮಿತಿ 68 ವರ್ಷಕ್ಕೆ ಏರುತ್ತದೆ. ಅದೂ ಸಾಲದೆ ಬರುವ ಸಂದರ್ಭ ಒಂದಿದೆ: ದಿನಾಂಕದ ಜಾಗಕ್ಕೆ (ನಲ್ ಅಲ್ಲದ) ಒಂದೂ ಅಕ್ಷರವಿಲ್ಲದ ಖಾಲಿ ಪಠ್ಯ ಬಂದರೆ ಎಸ್‌ಕ್ಯೂಎಲ್ ಸರ್ವರ್ ಅದನ್ನು 1900ರ ಜನವರಿ 1 ಎಂದು ಬರೆದುಕೊಳ್ಳುತ್ತದೆ. ಅಲ್ಲಿಂದ ಸೆಕೆಂಡುಗಳನ್ನು ಎಣಿಸಿದರೆ 1968ರ ಜನವರಿ 20ಕ್ಕೇ ಪಾತ್ರೆ ತುಂಬಿರುತ್ತದೆ.

ಪ್ರಶ್ನೆ: ಮಂಗಳೂರಿನ ಒಂದು ಹಣಕಾಸು ಕಚೇರಿಯಲ್ಲಿ ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ತಂತ್ರಾಂಶ ಬಳಸುತ್ತೇವೆ. ಹದಿನೈದು ವರ್ಷದ ಗೃಹಸಾಲದ ಕೊನೆಯ ಕಂತಿನ ದಿನಾಂಕವನ್ನು ಟೈಮ್‌ಸ್ಟ್ಯಾಂಪ್ ಕಾಲಂ ಸ್ವೀಕರಿಸುತ್ತಿಲ್ಲ.

ಉತ್ತರ: ಆ ಮಾದರಿ ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಮುಗಿಯುತ್ತದೆ. ಕಂತಿನ ದಿನಕ್ಕೆ ಗಂಟೆ-ನಿಮಿಷ ಬೇಡವಾದ್ದರಿಂದ ಡೇಟ್ ಮಾದರಿಯೇ ಸೂಕ್ತ. ಬದಲಿಸುವ ಮುನ್ನ ಬ್ಯಾಕಪ್ ತೆಗೆದು, ಸೆಷನ್ನಿನ (ಡೇಟಾಬೇಸ್ ಜೊತೆಗಿನ ಸಂಪರ್ಕದ) ಟೈಮ್‌ಝೋನ್ ಭಾರತದ +05:30 ಇದೆಯೇ ಎಂದು ನೋಡಿಕೊಳ್ಳಿರಿ. ಯುಟಿಸಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲಮಾನ) ಆಗಿದ್ದರೆ ನಡುರಾತ್ರಿ ಎಂದು ದಾಖಲಾದ ಹಳೆಯ ಕಂತುಗಳೆಲ್ಲ ಹಿಂದಿನ ದಿನಕ್ಕೆ ಜಾರುತ್ತವೆ.