ಸೀರೆಗೆ ಸೂಜಿ ಹಾಕಲು ಕೈ ಬಾರದಿದ್ದರೆ

ಕಸೂತಿ ಕಲಿಯಲೆಂದು ಇಳಕಲ್ ಸೀರೆ ತಂದು 3 ತಿಂಗಳಾಯಿತು, ಹಾಳಾದೀತೆಂದು ಶುರುವನ್ನೇ ಮಾಡಲಾಗುತ್ತಿಲ್ಲ ಎಂದು ಕೇಳಿದ್ದೀರಿ. ಆ ಭಯ ಸುಳ್ಳಲ್ಲ. ಕಸೂತಿಗೆ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಇಳಕಲ್ಲಿನ ಎಳೆ ಕಲಿಯುವವರ ಕಣ್ಣಿಗೆ ಸಿಗದಷ್ಟು ಸಣ್ಣ. ಸದ್ಯ ಸೀರೆ ಮಡಚಿಡಿ.

8 ಇಂಚಿನ ಮ್ಯಾಟಿ ಬಟ್ಟೆ (ನೇಯ್ಗೆಯ ಚೌಕಗಳು ಎಣಿಸುವಷ್ಟು ದೊಡ್ಡದಾಗಿ ಕಾಣುವ ಬಟ್ಟೆ), ಮೊಂಡು ತುದಿಯ ಸೂಜಿ, 6 ಎಳೆಯ ದಾರದಿಂದ ಬಿಡಿಸಿದ 2 ಎಳೆ, ಒಂದು ಮೊಳ ಉದ್ದ, ಇಷ್ಟು ತೆಗೆದುಕೊಳ್ಳಿ. ಎರಡೂ ಬದಿ ಒಂದೇ ಥರ ಕಾಣುವ ಗವಂತಿ ಹೊಲಿಗೆಯಿಂದ ಶುರು ಮಾಡಿ: ಹೋಗುವಾಗ ಒಂದು ಚೌಕ ಮೇಲೆ, ಒಂದು ಚೌಕ ಕೆಳಗೆ, ಬರುವಾಗ ಬಿಟ್ಟ ಜಾಗ ತುಂಬಿ. ಗಂಟು ಬೇಡ. 2 ಇಂಚು ದಾರ ಬಿಟ್ಟು, ಕೊನೆಗೆ ಹೊಲಿಗೆಯೊಳಗೆ ತೂರಿಸಿ. ಗೆರೆ ಸೊಟ್ಟಗಾದರೆ ಎಣಿಕೆ ತಪ್ಪಿದೆ, ಇಲ್ಲವೇ ಬರುವಾಗ ಸೂಜಿ ಹಳೆ ದಾರವನ್ನೇ ಸೀಳಿದೆ. ಬಟ್ಟೆ ಸುಕ್ಕಾದರೆ ದಾರ ಬಿಗಿ ಎಳೆದಿದ್ದೀರಿ.

ಈಗ ಮುಖ್ಯವಾದದ್ದು: ಸೂಜಿಯಿಂದ ದಾರ ಕಳಚಿ, ಹಾಕಿದ್ದನ್ನು ಒಂದೊಂದೇ ಹೊಲಿಗೆ ಬಿಚ್ಚಿ. ಬೇಕೆಂದೇ ನಾಲ್ಕು ಸಲ ಹೀಗೆ ಮಾಡಿ. ಬಟ್ಟೆಗೆ ಏನೂ ಆಗುವುದಿಲ್ಲವೆಂದು ಕೈಗೇ ಗೊತ್ತಾಗಬೇಕು, ಬಾಯಿಮಾತಿನ ಧೈರ್ಯ ಇಲ್ಲಿ ಸಾಲದು.

ಆಮೇಲೆ ಸೀರೆ. ಸೊಂಟಕ್ಕೆ ಸಿಕ್ಕಿಸುವ ಒಳತುದಿಯಲ್ಲಿ ಒಂದೇ ಒಂದು ಸಣ್ಣ ತುಳಸಿಕಟ್ಟೆಯ ಚಿತ್ತಾರ ಹಾಕಿ ನೋಡಿ.