ಯುದ್ಧದಲ್ಲಿ ಸಾಯದ ಸೈನಿಕನ ಅಪ್ಪ

(ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ಅಪ್ಪನನ್ನು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದವಳು ಮಗಳು. ಅವಳ ತಮ್ಮ ಸೈನ್ಯ ಸೇರಿದ ಎರಡನೇ ವರ್ಷದಲ್ಲಿ ತೀರಿಕೊಂಡಿದ್ದ. ವಯಸ್ಸು 22. ಗುಂಡು ತಗುಲಿ ಅಲ್ಲ, ಡ್ಯೂಟಿಯಲ್ಲಿದ್ದಾಗ ಸೈನ್ಯದ ಟ್ರಕ್ ಪಲ್ಟಿಯಾಗಿ. ಹತ್ತು ತಿಂಗಳಿಂದ ಅಪ್ಪ ಮಗನ ಹೆಸರೇ ಎತ್ತುವುದಿಲ್ಲ, ಯಾರಾದರೂ ಮಾತಾಡಿಸಲು ಬಂದರೆ ಎದ್ದು ಒಳಗೆ ಹೋಗಿಬಿಡುತ್ತಾರೆ. ಅಮ್ಮ ದಿನಾ ಟ್ರಂಕ್ ತೆಗೆದು ಅವನ ಯೂನಿಫಾರ್ಮ್ ಬಿಡಿಸಿ ಮಡಚಿಡುತ್ತಾರೆ. ಅದನ್ನು ನೋಡಿದರೆ ಅಪ್ಪನಿಗೆ ಸಿಟ್ಟು. ಮನೆಯಲ್ಲಿ ಜಗಳ.

ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಬಂದೋರೆಲ್ಲ ಎಲ್ಲಿ ಹೋರಾಡಿದ ಅಂತ ಕೇಳ್ತಾರೆ ಮೇಡಂ. ಗಾಡಿ ಪಲ್ಟಿ ಆಯ್ತು ಅಂದ್ರೆ, ಓ ಆಕ್ಸಿಡೆಂಟಾ ಅಂತಾರೆ. ನನ್ನ ಮಗ ಸುಮ್ನೆ ಸತ್ತ ಹಾಗೆ."

ನೋವಿನ ಗಂಟು ಇದ್ದದ್ದು ಇಲ್ಲೇ. ಮಗನನ್ನು ಕಳೆದುಕೊಂಡ ದುಃಖದ ಜೊತೆಗೆ, ಆ ದುಃಖಕ್ಕೆ ತನಗೆ ಪೂರ್ತಿ ಹಕ್ಕಿಲ್ಲವೇನೋ ಎಂಬ ನಾಚಿಕೆ. ಸುತ್ತಲಿನವರು ಮನಸಾರೆ ಒಪ್ಪದ ಇಂಥ ದುಃಖದ ಬಗ್ಗೆ ಅಮೆರಿಕದ ಸಂಶೋಧಕ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದಾರೆ. ಅತ್ತು ಹಗುರಾಗುವ ದಾರಿಯೇ ಮುಚ್ಚಿಹೋಗುತ್ತದೆ.

ನಾನು ಅವರಿಗೆ ಒಂದು ಸಂಗತಿ ಹೇಳಿದೆ. ಮೊದಲ ಮಹಾಯುದ್ಧದ ಹೊತ್ತಿಗೆ, 1917ರಲ್ಲಿ, ಈಗ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಅನ್ನುವ, ಸತ್ತ ಸೈನಿಕರ ಸಮಾಧಿ ನೋಡಿಕೊಳ್ಳುವ ಸಂಸ್ಥೆ ಶುರುವಾಯಿತು. ಆ ಯುದ್ಧದ ಕಾಲದಲ್ಲಿ ಸೇವೆಯಲ್ಲಿದ್ದು ಸತ್ತವರು ಗುಂಡಿಗೆ ಸತ್ತರೋ, ಜ್ವರಕ್ಕೋ, ಅಪಘಾತಕ್ಕೋ ಎಂದು ಅದು ಬೇರೆ ಮಾಡಲಿಲ್ಲ. ಹೇಗೆ ಸತ್ತರು ಎಂದು ನೋಡಿ ಮರ್ಯಾದೆ ಕಡಿಮೆ ಮಾಡಲಿಲ್ಲ. ಸೈನಿಕನಾದವನು ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗುತ್ತಾನೆ, ಯಾವ ಗಾಡಿ ಹತ್ತು ಅಂದರೆ ಅದನ್ನು ಹತ್ತುತ್ತಾನೆ, ಅವನು ಒಪ್ಪಿಕೊಂಡು ಹೋದದ್ದು ಆ ಇಡೀ ಬದುಕನ್ನು, ಅಲ್ವಾ? ಅವರು ಆಗ ಅತ್ತರು.

ನೆಂಟರ ಪ್ರಶ್ನೆಗೆ ಒಂದು ಉತ್ತರ ಕಟ್ಟಿಕೊಂಡೆವು: "ಡ್ಯೂಟಿಯಲ್ಲಿದ್ದಾಗ ಅಪಘಾತದಲ್ಲಿ ತೀರಿಕೊಂಡ." ಇದಕ್ಕಿಂತ ಜಾಸ್ತಿ ವಿವರ ಯಾರಿಗೂ ಕೊಡಬೇಕಿಲ್ಲ ಎಂದೆ. ನನ್ನೆದುರಿಗೇ ಕೆಲವು ಸಲ ಜೋರಾಗಿ ಹೇಳಿಸಿದೆ, ಯಾಕೆಂದರೆ ಬಾಯಿಗೆ ರೂಢಿಯಾಗದ ಮಾತು ಬೇಕಾದಾಗ ಬರುವುದಿಲ್ಲ.

ಟ್ರಂಕಿನ ವಿಷಯದಲ್ಲಿ ಇಬ್ಬರದೂ ತಪ್ಪಿಲ್ಲ. ದುಃಖದ ಬಗ್ಗೆ ಅಧ್ಯಯನ ಮಾಡಿದ ಸ್ಟ್ರೋಬೆ ಮತ್ತು ಶೂಟ್ 1999ರಲ್ಲಿ ಹೇಳಿದ್ದು ಇದನ್ನೇ: ದುಃಖದಲ್ಲಿರುವವರು ಒಮ್ಮೆ ನೋವಿನ ಕಡೆ, ಒಮ್ಮೆ ದಿನನಿತ್ಯದ ಬದುಕಿನ ಕಡೆ ಓಲಾಡುತ್ತಾರೆ. ಈ ಮನೆಯಲ್ಲಿ ಅಮ್ಮ ಒಂದು ಕಡೆ ನಿಂತಿದ್ದರು, ಅಪ್ಪ ಇನ್ನೊಂದು ಕಡೆ. ಟ್ರಂಕನ್ನು ಅಟ್ಟಕ್ಕೆ ಹಾಕಬೇಡಿ, ವಾರಕ್ಕೊಮ್ಮೆ ಅರ್ಧ ಗಂಟೆ ಅಮ್ಮನ ಪಕ್ಕ ಕೂತುಕೊಳ್ಳಿ, ಮಾತು ಬರದಿದ್ದರೂ ಪರವಾಗಿಲ್ಲ ಎಂದೆ.

ಮಗನ ಜೊತೆಗಿದ್ದ ಹುಡುಗರಿಗೆ ಫೋನ್ ಮಾಡಲೂ ಹೇಳಿದೆ. ಸಾವಿನ ಬಗ್ಗೆ ಕೇಳಲು ಅಲ್ಲ, ಅವನು ಅಲ್ಲಿ ಹೇಗಿದ್ದ ಎಂದು ಕೇಳಲು. ಗೋಡೆಯ ಫೋಟೋದಲ್ಲಿ ಬರೀ ಸೈನಿಕ ಇದ್ದಾನೆ. ಹಟಮಾರಿ, ಸೋಮಾರಿ, ಅಕ್ಕನ ದುಡ್ಡು ಕದ್ದು ಸಿಕ್ಕಿಬಿದ್ದ ಹುಡುಗನನ್ನೂ ನೆನೆಯಬೇಕು. ಅವನ ತಪ್ಪು ನೆನೆದರೆ ಅವನಿಗೆ ಅವಮಾನ ಅಂತ ಅನೇಕ ಮನೆಗಳಲ್ಲಿ ಹೆದರುತ್ತಾರೆ, ಹೀಗೆ ಹೆದರಿ ಹೆದರಿ ತಮ್ಮ ಮಗುವನ್ನೇ ಮರೆಯುತ್ತಾ ಬರುತ್ತಾರೆ. ವರ್ಷದ ದಿನ ಏನು ಮಾಡಬೇಕು, ಯಾರನ್ನು ಕರೆಯಬೇಕು ಎಂಬುದನ್ನು ಮೂವರೂ ಮೊದಲೇ ಕೂತು ತೀರ್ಮಾನಿಸಲಿ ಎಂದೆ.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರ ಪ್ರಕಾರ, ಆರು ತಿಂಗಳು ದಾಟಿದ ಮೇಲೂ ತೀವ್ರ ಹಂಬಲ ಕಡಿಮೆಯಾಗದೆ ದಿನದ ಕೆಲಸವೇ ನಡೆಯದಂತಾದರೆ ಅದನ್ನು ಕಾಯಿಲೆ ಎಂದು ಪರಿಗಣಿಸಬಹುದು. ಅಪ್ಪ ಕೆಲಸಕ್ಕೆ ಹೋಗುತ್ತಿದ್ದರು, ಊಟ ನಿದ್ದೆ ಸರಿಯಿತ್ತು. ಅಮ್ಮನನ್ನು ನೋಡದೆ ಏನೂ ಹೇಳಲಾರೆ, ಮುಂದಿನ ಸಲ ಕರೆತನ್ನಿ ಎಂದೆ. ಸಾಯುವ ಮಾತು ಯಾರ ಬಾಯಲ್ಲಿ ಬಂದರೂ ಅದೇ ದಿನ ಮನೋವೈದ್ಯರ ಹತ್ತಿರ ಹೋಗಿ ಎಂದೂ ಹೇಳಿದೆ.

ಹೊರಡುವಾಗ ಮಗಳನ್ನು ಕೇಳಿದೆ, ನೀನು ಹೇಗಿದ್ದೀಯಮ್ಮ? ಎಲ್ಲರೂ ಅವಳನ್ನು ಕೇಳುತ್ತಿದ್ದದ್ದು ಅಪ್ಪ ಅಮ್ಮ ಹೇಗಿದ್ದಾರೆ ಎಂದು ಮಾತ್ರ. ಅವಳಿಗೆ ಬೇರೆಯೇ ಒಂದು ದಿನ ಕೊಟ್ಟೆ.