ದುರ್ಗದಿಂದ ಜರ್ಮನಿಗೆ ಸರ್ವರ್ ಹೊತ್ತು ತರಬೇಕೆ?

ನೀವು ಕೇಳಿದ್ದು ಮೂರು ಪ್ರಶ್ನೆ. ಚಿತ್ರದುರ್ಗದ ಮನೆಯಲ್ಲಿರುವ ಎರಡು ಹಳೆಯ ರ‍್ಯಾಕ್ ಸರ್ವರ್ ಮತ್ತು ನಾಲ್ಕು ರಾಸ್ಪ್‌ಬೆರಿ ಪೈಗಳನ್ನು (ಅಂಗೈ ಅಗಲದ ಪುಟ್ಟ ಕಂಪ್ಯೂಟರ್) ಜರ್ಮನಿಗೆ ತರಬೇಕೋ, ಇಲ್ಲೇ ಕೊಳ್ಳಬೇಕೋ? ಮನೆಯಲ್ಲಿ ಕ್ಲಸ್ಟರ್, ಅಂದರೆ ಒಟ್ಟಾಗಿ ಕೆಲಸ ಮಾಡುವ ಯಂತ್ರಗಳ ಗುಂಪು, ಇಟ್ಟರೆ ಎಷ್ಟು ಖರ್ಚು ಬೀಳುತ್ತೆ? ಇಲ್ಲಿಗೆ ಬಂದಮೇಲೆ ರಾಜಕೀಯದ ಮಾತು ಬಿಡಬೇಕಾಗುತ್ತೋ? ಪೈಗಳನ್ನು ತನ್ನಿ, ಸರ್ವರ್‌ಗಳನ್ನು ಅಲ್ಲೇ ಬಿಡಿ. ರಾಜಕೀಯವನ್ನಂತೂ ಬಿಡಲೇಬೇಡಿ. ನಿಮ್ಮ ಕ್ಲಸ್ಟರಿನ ಖರ್ಚನ್ನು ತೀರ್ಮಾನಿಸೋದೇ ಅದು.

ನಮ್ಮ ಕಡೆ ಯಂತ್ರ ತುಟ್ಟಿ, ಕರೆಂಟು ಸೋವಿ. ಇಲ್ಲಿ ತಿರುಗಾ ಮುರುಗಾ. ಹಳೆಯ ಆಫೀಸ್ ಕಂಪ್ಯೂಟರುಗಳು ರಾಶಿರಾಶಿ ಸಿಗುತ್ತವೆ, ಆದರೆ ಮನೆಯ ಕರೆಂಟಿಗೆ ಯೂನಿಟ್ಟಿಗೆ 30ರಿಂದ 40 ಸೆಂಟ್ ಕೊಡಬೇಕು. 35 ಸೆಂಟ್ ಅಂತ ಹಿಡಿಯೋಣ. ಒಂದು ವ್ಯಾಟ್ ವರ್ಷಪೂರ್ತಿ ಉರಿದರೆ 8.76 ಯೂನಿಟ್, ಅಂದರೆ ಮೂರು ಯೂರೊಗಿಂತ ಚೂರು ಹೆಚ್ಚು. ಬೆಸ್ಕಾಂನಲ್ಲಿ ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು ಹಿಡಿದರೂ ಅದೇ ವ್ಯಾಟಿಗೆ ಬೀಳೋದು ಐವತ್ತು ಚಿಲ್ಲರೆ ರೂಪಾಯಿ. ಯೂರೊ ನೂರು ರೂಪಾಯಿ ಹತ್ತಿರ ಇರುವಾಗ ಇದು ಸುಮಾರು ಆರು ಪಟ್ಟು ವ್ಯತ್ಯಾಸ. ಈ "ವ್ಯಾಟಿಗೆ ವರ್ಷಕ್ಕೆ ಮೂರು ಯೂರೊ" ಎಂಬ ಲೆಕ್ಕ ಬಾಯಿಪಾಠ ಆಗಲಿ. ಯಾವ ಸಾಮಾನು ನೋಡಿದರೂ ಮೊದಲು ಅದರಿಂದ ಗುಣಿಸಿ, ಆಮೇಲೆ ಬೆಲೆ ಕೇಳಿ.

ನಿಮ್ಮ ಸರ್ವರ್‌ಗಳು ಹತ್ತು ಹನ್ನೆರಡು ವರ್ಷ ಹಳೆಯ, ಎರಡು ಪ್ರೊಸೆಸರಿನ ಮಾದರಿ. ಇಂಥವು ಸುಮ್ಮನೆ ಕೂತಿದ್ದರೂ ತಲಾ 120ರಿಂದ 150 ವ್ಯಾಟ್ ಕುಡಿಯುತ್ತವೆ. ಎರಡಕ್ಕೆ 260 ವ್ಯಾಟ್ ಅಂದರೂ ವರ್ಷಕ್ಕೆ ಸುಮಾರು 800 ಯೂರೊ, ಏನೂ ಕೆಲಸ ಮಾಡದೆ. ಸದ್ದು ಬೇರೆ. ರ‍್ಯಾಕ್ ಸರ್ವರಿನ ಪುಟ್ಟ ಫ್ಯಾನುಗಳ ಕೂಗು ಗೋಡೆ ದಾಟಿ ಹೋಗುತ್ತೆ. ಇಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಶ್ಶಬ್ದದ ಹೊತ್ತು, ಭಾನುವಾರ ಇಡೀ ದಿನ ಹಾಗೇ. ಪಕ್ಕದ ಮನೆಯವರು ದೂರು ಕೊಟ್ಟರೆ ಮನೆ ಮಾಲೀಕರು ಕಾಗದ ಕಳಿಸುತ್ತಾರೆ, ಬಾಯಿಮಾತಲ್ಲಿ ಮುಗಿಯೋದಿಲ್ಲ.

ಪೈಗಳು ಸಾಮಾನಿನ ಜೊತೆ ಬರಲಿ. ಊರು ಬದಲಾಯಿಸುವವರ ಸಾಮಾನಿಗೆ ಸುಂಕ ಇಲ್ಲ, ಆದರೆ ಷರತ್ತುಗಳಿವೆ. ಯುರೋಪ್ ಒಕ್ಕೂಟದ ಹೊರಗೆ ಕನಿಷ್ಠ 12 ತಿಂಗಳು ವಾಸ ಇದ್ದಿರಬೇಕು, ವಸ್ತು ನಿಮ್ಮ ಬಳಿ ಕನಿಷ್ಠ 6 ತಿಂಗಳು ಬಳಕೆಯಲ್ಲಿರಬೇಕು, ತಂದ ಮೇಲೆ 12 ತಿಂಗಳು ಮಾರಬಾರದು, ಬಾಡಿಗೆಗೂ ಕೊಡಬಾರದು. ಹಳೆಯ ಬಿಲ್ಲುಗಳು ಮತ್ತು ಒಂದು ಪಟ್ಟಿ ಕೈಯಲ್ಲಿರಲಿ. ಹೊರಡುವ ಹಿಂದಿನ ವಾರ ಹೊಸ ಸಾಮಾನು ಕೊಂಡು ತಂದರೆ ಈ ವಿನಾಯಿತಿ ಸಿಗೋದಿಲ್ಲ. ಅಂಥ ಹೊಸ ಸಾಮಾನಿಗೆ ವಿಮಾನದಲ್ಲಿ ಬರುವವರಿಗೆ 430 ಯೂರೊವರೆಗೆ ಮಾತ್ರ ಮಾಫಿ, ಅದನ್ನು ದಾಟಿದರೆ ತೆರಿಗೆ ಕಟ್ಟಬೇಕು. ಯುಪಿಎಸ್, ಇನ್ವರ್ಟರ್ ಬ್ಯಾಟರಿ ಹೊರುವ ಯೋಚನೆಯೇ ಬೇಡ.

ಕರೆಂಟು ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಹಾಗಾಗಿ ಪವರ್ ಸಪ್ಲೈ ಬದಲಿಸಬೇಕಾಗಿಲ್ಲ, ಪ್ಲಗ್ ಮಾತ್ರ ಬೇರೆ. ನಮ್ಮ ಮೂರು ಪಿನ್ನಿನ ಪ್ಲಗ್ಗಿಗೆ ಅಗ್ಗದ ಅಡಾಪ್ಟರ್ ಸಿಕ್ಕಿಸಿದರೆ ಎಷ್ಟೋ ಸಲ ಅರ್ತಿಂಗ್ ತಪ್ಪಿಹೋಗುತ್ತೆ, ಲೋಹದ ಪೆಟ್ಟಿಗೆ ಮುಟ್ಟಿದರೆ ಜುಮ್ ಅನ್ನುತ್ತೆ. ಐದು ಯೂರೊ ಕೊಟ್ಟು ಇಲ್ಲಿಯ ಷೂಕೋ ಪ್ಲಗ್ಗಿನ ಕೇಬಲ್ಲನ್ನೇ ಕೊಳ್ಳಿ.

ಹಾಗಾದರೆ ಇಲ್ಲಿ ಕೊಳ್ಳೋದು ಏನನ್ನು? ಆಫೀಸುಗಳು ಬಾಡಿಗೆ ಅವಧಿ ಮುಗಿಸಿ ಹೊರಹಾಕುವ ಚಿಕ್ಕ ಪೆಟ್ಟಿಗೆಗಳನ್ನು: ಲೆನೊವೊ ಟೈನಿ, ಡೆಲ್ ಮೈಕ್ರೊ, ಎಚ್‌ಪಿ ಮಿನಿ. ಲೆನೊವೊ ಎಂ720ಕ್ಯು, ಐ5-8500ಟಿ ಪ್ರೊಸೆಸರ್, 16 ಜಿಬಿ ರ‍್ಯಾಮ್ ಇದ್ದದ್ದು 150ರಿಂದ 200 ಯೂರೊ ಆಸುಪಾಸು. ಆರು ಕೋರ್ ಇದ್ದೂ ಸುಮ್ಮನಿದ್ದಾಗ ಹತ್ತು ಹನ್ನೆರಡು ವ್ಯಾಟ್ ಮಾತ್ರ. ಅಂಗಡಿಯವರಿಂದ ಕೊಂಡರೆ ಹಳೆಯ ಸಾಮಾನಿಗೂ ಕನಿಷ್ಠ ಒಂದು ವರ್ಷದ ಕಾನೂನುಬದ್ಧ ಹೊಣೆ ಇರುತ್ತೆ. ಕ್ಲೈನ್‌ಆನ್‌ಸೈಗನ್ ಜಾಹೀರಾತು ತಾಣದಲ್ಲಿ ಖಾಸಗಿಯವರಿಂದ ಕೊಂಡರೆ ಅಗ್ಗ, ಆದರೆ ಅವರು ಹೊಣೆ ಇಲ್ಲ ಅಂತ ಬರೆದೇ ಮಾರುತ್ತಾರೆ. ರ‍್ಯಾಮ್ ತುಂಬಿರುವ ಪೆಟ್ಟಿಗೆಯನ್ನೇ ಹುಡುಕಿ. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಎಳೆದುಕೊಂಡು ಬಿಡಿ ರ‍್ಯಾಮಿನ ಬೆಲೆ ಮುಗಿಲು ಮುಟ್ಟಿದೆ. ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮೆಮೊರಿ ಮಾರುವ ಕ್ರೂಶಿಯಲ್ ವ್ಯವಹಾರವನ್ನೇ ನಿಲ್ಲಿಸುವುದಾಗಿ ಹೇಳಿತು.

ಮೂರು ಪೆಟ್ಟಿಗೆ ತಗೊಳ್ಳಿ, ಎರಡು ಸಾಲದು. ಹಲವು ಯಂತ್ರಗಳನ್ನು ಒಂದಾಗಿ ನಡೆಸುವ ತಂತ್ರಾಂಶ ಕೆ3ಎಸ್ ಆಗಲಿ ಪ್ರಾಕ್ಸ್‌ಮಾಕ್ಸ್ ಆಗಲಿ, ಬಹುಮತ ಸಿಕ್ಕರೆ ಮಾತ್ರ ತೀರ್ಮಾನ ತಗೊಳ್ಳುತ್ತೆ. ಎರಡರಲ್ಲಿ ಒಂದು ಬಿದ್ದರೆ ಉಳಿದದ್ದಕ್ಕೆ ಬಹುಮತ ಇಲ್ಲ, ಅದೂ ಕೈಕಟ್ಟಿ ಕೂರುತ್ತೆ. ಮೂರಕ್ಕೂ ಸೇರಿ 36 ವ್ಯಾಟ್, ವರ್ಷಕ್ಕೆ ಸುಮಾರು 110 ಯೂರೊ. ಪೈಗಳಲ್ಲಿ ಇಟಿಸಿಡಿ, ಅಂದರೆ ಕ್ಲಸ್ಟರಿನ ಸ್ಥಿತಿ ಬರೆದಿಡುವ ಡೇಟಾಬೇಸ್, ಇಡಬೇಡಿ. ಅದು ಪ್ರತಿ ಬರಹವೂ ಡಿಸ್ಕಿಗೆ ನಿಜವಾಗಿ ಇಳಿಯೋವರೆಗೆ ಕಾಯುತ್ತೆ. ಹತ್ತು ಮಿಲಿಸೆಕೆಂಡಿನೊಳಗೆ ಆಗಬೇಕಾದ ಆ ಕೆಲಸ ಎಸ್‌ಡಿ ಕಾರ್ಡಿನ ಕೈಲಿ ಆಗೋದಿಲ್ಲ. ನಾಯಕ ಯಂತ್ರ ಪದೇಪದೇ ಬದಲಾಗುತ್ತಾ ಕ್ಲಸ್ಟರ್ ತೂರಾಡುತ್ತೆ, ಕೆಲವು ತಿಂಗಳಲ್ಲಿ ಕಾರ್ಡೇ ಸಾಯಬಹುದು. ಪೈಗಳಿಗೆ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ಸೇವೆ), ಮಾನಿಟರಿಂಗ್, ಬೇರೆ ಯಂತ್ರಗಳನ್ನು ಎಬ್ಬಿಸುವ ಕೆಲಸ ಕೊಡಿ.

ಎಲ್ಲ ಪೆಟ್ಟಿಗೆಗಳ ಡಿಸ್ಕುಗಳನ್ನು ಒಂದೇ ಸಂಗ್ರಹ ಮಾಡುವ ಸೆಫ್ ಕಟ್ಟುವ ಆಸೆ ಎಲ್ಲರಿಗೂ ಬರುತ್ತೆ. ಮೂರು ಪೆಟ್ಟಿಗೆ, ಗಿಗಾಬಿಟ್ ತಂತಿ, ಅಂಗಡಿಯ ಮಾಮೂಲಿ ಎಸ್‌ಎಸ್‌ಡಿ ಹಾಕಿದರೆ ಅದು ಆಮೆ ನಡಿಗೆ. ಕರೆಂಟು ಹೋದಾಗ ಮಾಹಿತಿ ಉಳಿಸುವ ಕೆಪಾಸಿಟರ್ ಇರುವ ಎಂಟರ್‌ಪ್ರೈಸ್ ಎಸ್‌ಎಸ್‌ಡಿ ಸಿಂಕ್ ಬರಹವನ್ನು (ಡಿಸ್ಕಿಗೆ ಇಳಿಯೋವರೆಗೆ ಕಾಯುವ ಬರಹ) ತಕ್ಷಣ ಒಪ್ಪಿಕೊಳ್ಳುತ್ತೆ, ಮಾಮೂಲಿಯದು ಪ್ರತಿ ಸಲ ಫ್ಲ್ಯಾಶ್‌ವರೆಗೆ ಹೋಗಿ ಬರಬೇಕು. 10 ಗಿಗಾಬಿಟ್ ಬೇಕೆಂದರೆ ಎಂ720ಕ್ಯುಗೆ ರೈಸರ್ (ಕಾರ್ಡ್ ಸಿಕ್ಕಿಸುವ ಪಟ್ಟಿ) ಹಾಕಿ ನೆಟ್‌ವರ್ಕ್ ಕಾರ್ಡ್ ಕೂರಿಸಬಹುದು, ಆದರೆ 2.5 ಇಂಚಿನ ಡಿಸ್ಕಿನ ಜಾಗ ಹೋಗುತ್ತೆ, 90 ವ್ಯಾಟಿನ ಅಡಾಪ್ಟರ್ ಬೇಕಾಗುತ್ತೆ. ಹಳೆಯ ಕಾರ್ಡುಗಳು ಎಎಸ್‌ಪಿಎಂ (ಕಾರ್ಡಿನ ಕೊಂಡಿಯ ಕರೆಂಟು ಉಳಿತಾಯ) ಸರಿಯಾಗಿ ಮಾಡದೆ ಪ್ರೊಸೆಸರನ್ನು ಆಳವಾದ ನಿದ್ದೆಗೆ ಇಳಿಯಲು ಬಿಡೋದಿಲ್ಲ. ಕಾರ್ಡಿನ ವ್ಯಾಟಿನ ಮೇಲೆ ಈ ಕಾಣದ ವ್ಯಾಟೂ ಸೇರುತ್ತೆ. ತಾಮ್ರದ ಆರ್‌ಜೆ45 ಮಾಡ್ಯೂಲ್ ಒಂದೊಂದಕ್ಕೆ ಎರಡು ಮೂರು ವ್ಯಾಟ್ ಬೇಕು, ಎರಡೂ ತುದಿಗೆ ಮಾಡ್ಯೂಲ್ ಕೂಡಿಯೇ ಬರುವ ಡಿಎಸಿ ಕೇಬಲ್ಲಿಗೆ ಒಂದು ವ್ಯಾಟೂ ಬೇಡ. ಊಹೆ ಬೇಡ ನೋಡ್ರಿ, 15 ಯೂರೊದ ಪ್ಲಗ್ ಮೀಟರಿನಲ್ಲಿ ಪ್ರತಿ ಬದಲಾವಣೆಗೂ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಅಳೆಯಿರಿ. ಬಯಾಸ್‌ನಲ್ಲಿ ಸಿ-ಸ್ಟೇಟ್ (ಪ್ರೊಸೆಸರಿನ ನಿದ್ದೆಯ ಹಂತ) ತೆರೆದು, ಪ್ರೊಸೆಸರ್ ನಿಜಕ್ಕೂ ಅಲ್ಲಿಗೆ ಇಳಿಯುತ್ತಿದೆಯೇ ಎಂದು ಪವರ್‌ಟಾಪ್ ತಂತ್ರಾಂಶದಲ್ಲಿ ನೋಡಿ.

ಭಾಷಾ ಮಾದರಿಗಳನ್ನು ಮನೆಯಲ್ಲೇ ಓಡಿಸಲು ನಾಲ್ಕು ಪೆಟ್ಟಿಗೆ ಜೋಡಿಸಿದರೆ ನಾಲ್ಕು ಪಟ್ಟು ವೇಗ ಬರೋದಿಲ್ಲ. ಪ್ರತಿ ಪದದ ತುಣುಕಿಗೂ ಇಡೀ ಮಾದರಿಯನ್ನು ಮೆಮೊರಿಯಿಂದ ಓದಬೇಕು. ಮೆಮೊರಿ ಹೆಚ್ಚಿಸಿ 18 ಜಿಬಿ ಮಾದರಿ ಹಿಡಿಸಿದರೂ ಈ ಪೆಟ್ಟಿಗೆಯ ಸೆಕೆಂಡಿಗೆ 42 ಜಿಬಿ ಮೆಮೊರಿಯಲ್ಲಿ ಎರಡು ತುಣುಕು ಬಂದರೆ ಹೆಚ್ಚು. ಪದರಗಳನ್ನು ಹಂಚಿದರೆ ಒಬ್ಬನೇ ಕೇಳುವಾಗ ಒಂದು ಕೆಲಸ ಮಾಡುತ್ತೆ, ಮೂರು ಕಾಯುತ್ತವೆ. ಹಳೆಯ ಆರ್‌ಟಿಎಕ್ಸ್ 3090 ಕಾರ್ಡಿಗೆ 24 ಜಿಬಿ ಮೆಮೊರಿ, ಸೆಕೆಂಡಿಗೆ 936 ಜಿಬಿ ವೇಗ. ಅದೇ ಮಾದರಿಗೆ ಲೆಕ್ಕದ ಪ್ರಕಾರ ಐವತ್ತರ ತನಕ ಹೋಗಬಹುದು. 350 ವ್ಯಾಟಿನ ಮಿತಿಯನ್ನು 250ಕ್ಕೆ ಇಳಿಸಿ, ವೇಗ ಅಷ್ಟೇನೂ ಇಳಿಯೋದಿಲ್ಲ. ಸುಮ್ಮನಿದ್ದಾಗಲೂ ಕಾರ್ಡು ಇಪ್ಪತ್ತು ಮೂವತ್ತು ವ್ಯಾಟ್ ಎಳೆಯುತ್ತೆ, ಆ ಯಂತ್ರವನ್ನು ಮಲಗಿಸಿಟ್ಟು ಬೇಕಾದಾಗ ಪೈಯಿಂದ ವೇಕ್ ಆನ್ ಲ್ಯಾನ್ (ನೆಟ್‌ವರ್ಕಿನ ಮೂಲಕ ಎಬ್ಬಿಸೋದು) ಮಾಡಿ. ಸ್ಲರ್ಮ್ (ಕ್ಲಸ್ಟರಿನ ಕೆಲಸಗಳ ಸರದಿ ನಡೆಸುವ ತಂತ್ರಾಂಶ) ಬಳಸುವವರಾದರೆ ಸಸ್ಪೆಂಡ್‌ಟೈಮ್ ಇಟ್ಟು, ಮಲಗಿಸುವ ಮತ್ತು ಎಬ್ಬಿಸುವ ಸ್ಕ್ರಿಪ್ಟುಗಳನ್ನು ಕೊಟ್ಟರೆ ಅದೇ ಮಲಗಿಸಿ ಎಬ್ಬಿಸುತ್ತೆ.

ಇಂಟರ್ನೆಟ್ ಬಗ್ಗೆ ಎರಡು ಮಾತು. ಅನೇಕ ಕೇಬಲ್, ಫೈಬರ್ ಸಂಪರ್ಕಗಳಲ್ಲಿ ಸ್ವಂತ ಐಪಿವಿ4 ವಿಳಾಸ ಸಿಗೋದಿಲ್ಲ, ಹಾಗಾಗಿ ಹೊರಗಿನಿಂದ ಮನೆಯ ಯಂತ್ರವನ್ನು ನೇರ ತಲುಪೋದು ಕಷ್ಟ. ತಿಂಗಳಿಗೆ ನಾಲ್ಕೈದು ಯೂರೊದ ಬಾಡಿಗೆ ಸರ್ವರ್ ಹಿಡಿದು, ಮನೆಯಿಂದ ಅದಕ್ಕೆ ವೈರ್‌ಗಾರ್ಡ್ ಸುರಂಗ (ಗೂಢಲಿಪಿಯ ಖಾಸಗಿ ಸಂಪರ್ಕ) ತೋಡಿ, ಸಂಪರ್ಕ ಕಡಿಯದಂತೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ದುರ್ಗದ ಮನೆಯನ್ನೂ ಇದೇ ಸುರಂಗಕ್ಕೆ ಸೇರಿಸಬಹುದು. ಅಪ್‌ಲೋಡ್ 40 ಮೆಗಾಬಿಟ್ ಇದ್ದರೆ ಒಂದು ಟಿಬಿ ಬ್ಯಾಕಪ್ಪಿಗೆ 55 ಗಂಟೆ ದಾಟುತ್ತೆ, ಮೊದಲ ಪ್ರತಿಯನ್ನು ಡಿಸ್ಕಿನಲ್ಲೇ ಊರಿಗೆ ಒಯ್ಯಿರಿ. ಟೊರೆಂಟ್‌ನಲ್ಲಿ ಸಿನಿಮಾ ಇಳಿಸುವ ಅಭ್ಯಾಸ ಇದ್ದರೆ ವಿಮಾನ ಹತ್ತುವ ಮುಂಚೆಯೇ ಬಿಡಿ. ವಕೀಲರ ಕಾಗದ ನೂರಾರು ಯೂರೊ ಕೇಳುತ್ತೆ, ಸಂಪರ್ಕ ಯಾರ ಹೆಸರಲ್ಲಿದೆಯೋ ಅವರ ಬಾಗಿಲಿಗೇ ಬರುತ್ತೆ.

ಹಳೆಯ ಸರ್ವರನ್ನು ಅಲ್ಲಿ ಓಡಿಸಲಿ ಬಿಡಿ ಅಂದುಕೊಂಡರೆ ಗೃಹಜ್ಯೋತಿಯ ಲೆಕ್ಕವನ್ನೂ ನೋಡಿ. ಆ ಯೋಜನೆಯಲ್ಲಿ ಮನೆಯ ಸರಾಸರಿಗೆ ಹತ್ತು ಶೇಕಡಾ ಸೇರಿಸಿದಷ್ಟು ಉಚಿತ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. 130 ವ್ಯಾಟಿನ ಒಂದೇ ಸರ್ವರ್ ತಿಂಗಳಿಗೆ 94 ಯೂನಿಟ್. 110 ಯೂನಿಟ್ ಬಳಸುವ ಮನೆ ಅದೊಂದರಿಂದ ಗೆರೆ ದಾಟುತ್ತೆ, ಅಮ್ಮನ ಸೊನ್ನೆ ಬಿಲ್ಲು ಸಾವಿರ ರೂಪಾಯಿ ಮೀರುತ್ತೆ. ಅದಕ್ಕಿಂತ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಕೊಡಿ. ಹುಡುಗರು ಎಂಪಿಐ (ಒಂದೇ ಲೆಕ್ಕವನ್ನು ಹಲವು ಯಂತ್ರಗಳಿಗೆ ಹಂಚುವ ವಿಧಾನ) ಕಲಿಯಲಿ. ಡಿಸ್ಕುಗಳನ್ನು ಮಾತ್ರ ಪೂರ್ತಿ ಅಳಿಸಿ ಕೊಡಿ.

ಇನ್ನು ರಾಜಕೀಯ. ಕ್ಲಸ್ಟರ್ ಅನ್ನೋದೇ ನಮ್ಮ ದೇಶದಲ್ಲಿ ರಾಜಕೀಯದಿಂದ ಹುಟ್ಟಿದ್ದು. 1980ರ ದಶಕದಲ್ಲಿ ಅಮೆರಿಕ ಬೇಕಾದ ಕ್ರೇ ಸೂಪರ್‌ಕಂಪ್ಯೂಟರ್ ಕೊಡಲಿಲ್ಲ, 1988ರಲ್ಲಿ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಆಯಿತು, 1991ರಲ್ಲಿ ವಿಜಯ ಭಟ್ಕರ್ ಅವರ ತಂಡ ಟ್ರಾನ್ಸ್‌ಪ್ಯೂಟರ್ ಚಿಪ್‌ಗಳನ್ನು ಜೋಡಿಸಿ ಪರಮ್ 8000 ಕಟ್ಟಿತು. ನಾಸಾದಲ್ಲಿ 16 ಮಾಮೂಲಿ 486 ಯಂತ್ರಗಳ ಬಿಯೋವುಲ್ಫ್ ಕ್ಲಸ್ಟರ್ ಎದ್ದದ್ದು 1994ರಲ್ಲಿ. ಅಮೆರಿಕದ ಆ ಬಾಗಿಲು ಈಗಲೂ ಯಾವಾಗ ಬೇಕಾದರೂ ಮುಚ್ಚಬಹುದು. 2025ರ ಜನವರಿಯಲ್ಲಿ ಅಮೆರಿಕ ಎಐ ಚಿಪ್ಪುಗಳಿಗೆ ನಿಯಮ ಹೊರಡಿಸಿದಾಗ ತಡೆಯಿಲ್ಲದ 18 ದೇಶಗಳಲ್ಲಿ ಜರ್ಮನಿ ಇತ್ತು, ಭಾರತ ಇರಲಿಲ್ಲ. ಮೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಬೇರೆಯವರ ಸಹಿಯಿಂದ ನಿಲ್ಲುವ ಯಂತ್ರವನ್ನು ನಂಬಿ ದೇಶ ಕಟ್ಟೋದಕ್ಕಾಗೋದಿಲ್ಲ. ತೆರೆದ ತಂತ್ರಾಂಶ, ನಾವೇ ಬಿಚ್ಚಿ ಜೋಡಿಸಬಲ್ಲ ಯಂತ್ರ ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಚಳ್ಳಕೆರೆ ಹತ್ತಿರ ಐಐಎಸ್‌ಸಿ ಕ್ಯಾಂಪಸ್ ಇರುವ ಜಿಲ್ಲೆಯವರು ನೀವು, ಇದು ನಿಮಗೆ ದೂರದ ಮಾತಲ್ಲ.

ಇಲ್ಲಿಯ ಜನ ಇಂಥದ್ದಕ್ಕೆ ಹೋರಾಡಿ ಗೆದ್ದಿದ್ದಾರೆ. 2016ರ ಆಗಸ್ಟ್ 1ರಿಂದ ಕಂಪನಿ ಕೊಟ್ಟ ರೌಟರನ್ನೇ ಬಳಸಬೇಕೆಂಬ ಕಡ್ಡಾಯ ಇಲ್ಲ, ನಿಮ್ಮದನ್ನೇ ಹಾಕಿಕೊಳ್ಳಬಹುದು. ಸೋಲೂ ಇದೆ. ಮ್ಯೂನಿಕ್ ನಗರಾಡಳಿತ ಲಿನಕ್ಸಿಗೆ ಹೋಗಿ, 2017ರಲ್ಲಿ ವಿಂಡೋಸಿಗೆ ವಾಪಸಾಗಲು ಮತ ಹಾಕಿತು. ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ 30,000 ಕಂಪ್ಯೂಟರುಗಳನ್ನು ತೆರೆದ ತಂತ್ರಾಂಶವಾದ ಲಿಬ್ರೆಆಫೀಸಿಗೆ ಒಯ್ಯುವ ತೀರ್ಮಾನ ಪ್ರಕಟಿಸಿತು. ಕರೆಂಟಿನ ಮೇಲಿನ ತೆರಿಗೆ ಎಲ್ಲರಿಗೂ ಇಳಿಸುತ್ತೇವೆ ಅಂತ 2025ರ ಮೈತ್ರಿ ಸರ್ಕಾರ ಬರೆದುಕೊಟ್ಟು, ಆಮೇಲೆ ಮನೆಗಳನ್ನು ಬಿಟ್ಟು ಕೈಗಾರಿಕೆಗಷ್ಟೇ ಉಳಿಸಿಕೊಂಡಿತು. ಇದು ತಪ್ಪು. ಸದ್ಯಕ್ಕೆ ಬಾಲ್ಕನಿ ಸೋಲಾರ್ ಒಂದು ದಾರಿ: 800 ವ್ಯಾಟಿನವರೆಗಿನ ಇನ್ವರ್ಟರ್, ನೋಂದಣಿ ಆನ್‌ಲೈನಿನಲ್ಲಿ. 2024ರಿಂದ ಸಕಾರಣ ಇಲ್ಲದೆ ಮಾಲೀಕರು ಬಾಡಿಗೆದಾರರಿಗೆ ಬೇಡ ಅನ್ನುವ ಹಾಗಿಲ್ಲ. ಹಗಲೆಲ್ಲ ಒಂದೇ ಸಮ 40 ವ್ಯಾಟ್ ಎಳೆಯುವ ಕ್ಲಸ್ಟರಿಗೆ ಇದು ಚೆನ್ನಾಗಿ ಹೊಂದುತ್ತೆ.

ಭಾರತದ ಪಾಸ್‌ಪೋರ್ಟಿನವರಿಗೆ ಇಲ್ಲಿಯ ನಗರಸಭೆ ಚುನಾವಣೆಯಲ್ಲೂ ಮತ ಇಲ್ಲ. ಆದರೆ ಕೆಲಸದ ಜಾಗದ ಬೆಟ್ರೀಬ್ಸ್‌ರಾಟ್, ಅಂದರೆ ನೌಕರರ ಮಂಡಳಿಗೆ ಯಾವ ದೇಶದವರಾದರೂ ಮತ ಹಾಕಬಹುದು, ಆರು ತಿಂಗಳ ಕೆಲಸ ಆಗಿದ್ದರೆ ನಿಲ್ಲಲೂಬಹುದು. ಬಂದವರು ಇದನ್ನು ಲಘುವಾಗಿ ನೋಡುತ್ತಾರೆ. ನೌಕರರ ಮೇಲೆ ಕಣ್ಣಿಡಬಲ್ಲ ತಂತ್ರಾಂಶವನ್ನು ಆಫೀಸಿಗೆ ತರಬೇಕಾದರೆ ಈ ಮಂಡಳಿಯ ಒಪ್ಪಿಗೆ ಬೇಕು. ಕಂಪ್ಯೂಟರ್ ಬಲ್ಲವರು ಅಲ್ಲಿ ಕೂರಲೇಬೇಕು. ಊರಿನ ಮತ ಉಳಿಸಿಕೊಳ್ಳಲು ಫಾರಂ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಮತಗಟ್ಟೆಗೆ ಹೆಸರು ಸೇರುತ್ತೆ. ಅಂಚೆಯಲ್ಲೋ ಆನ್‌ಲೈನಿನಲ್ಲೋ ಮತ ಹಾಕಲು ಆಗೋದಿಲ್ಲ. ರಜೆಯನ್ನು ಚುನಾವಣೆಗೆ ಹೊಂದಿಸಿಕೊಂಡು ದುರ್ಗಕ್ಕೆ ಬನ್ನಿ, ಮತಗಟ್ಟೆಗೆ ಮೂಲ ಪಾಸ್‌ಪೋರ್ಟನ್ನೇ ಒಯ್ಯಿರಿ.